ಪರಿವಿಡಿಯೊಳಗಿನ ತಮ್ಮ

ಟೈಪ್‌ರೈಟರ್ ಕಾಲದ ಹಿರಿಯರನ್ನು ಪರಿವಿಡಿಯ ಚುಕ್ಕಿಗಳಿಂದಲೇ ಗುರುತು ಹಿಡಿಯಬಹುದು. ತಲೆಬರಹ ಹೊಡೆದು, ಅಲ್ಲಿಂದ ಬಲ ಅಂಚಿನವರೆಗೆ ಒಂದೊಂದೇ ಚುಕ್ಕಿ ಒತ್ತುತ್ತ ಸಾಗಿ, ಕೊನೆಗೆ ಪುಟಸಂಖ್ಯೆ ಬರೆದು ಉಸಿರು ಬಿಡುತ್ತಾರೆ. ಕಂಪ್ಯೂಟರಿನಲ್ಲಿ ಅಕ್ಷರಕ್ಕೊಂದು ಅಗಲ. ಎಷ್ಟು ಎಣಿಸಿ ಒತ್ತಿದರೂ 12 ಒಂದು ಕಡೆ ವಾಲಿದರೆ 27 ಇನ್ನೊಂದು ಕಡೆ ವಾಲುತ್ತದೆ. ಟ್ಯಾಬ್ ಕೀಲಿಗೆ ಹೇಳಿಟ್ಟರೆ ಚುಕ್ಕಿಗಳನ್ನು ಅದೇ ತುಂಬಿಕೊಳ್ಳುತ್ತದೆ ಎಂದು ತಿಳಿಸಿದಾಗ ನಮ್ಮ ಮೇಷ್ಟರಿಗೇನೂ ಸಂತೋಷವಾಗಲಿಲ್ಲ. ಅಷ್ಟು ಸಂಜೆಗಳ ಚುಕ್ಕಿಗಳನ್ನು ಅಳಿಸಲು ಯಾರಿಗೆ ತಾನೇ ಮನಸ್ಸು ಬಂದೀತು!

ನಿವೃತ್ತರಾದ ಮೇಲೆ ಅವರು ಆತ್ಮಕಥೆ ಬರೆಯುತ್ತಿದ್ದರು. ಅಧ್ಯಾಯಗಳ ಹೆಸರನ್ನೆಲ್ಲ ದಪ್ಪ ಮಾಡಿ, ಹದಿನೆಂಟರ ಅಳತೆಗೆ ಏರಿಸಿ, ನಡುವೆ ಕೂರಿಸಿ, ಸಾಲದೆಂದು ಅಡಿಗೆರೆಯನ್ನೂ ಎಳೆದಿದ್ದರು. “ಇಷ್ಟೆಲ್ಲ ಮಾಡಿದ್ದೀನಲ್ಲಪ್ಪ, ಇದು ತಲೆಬರಹ ಅಂತ ಅದಕ್ಕೆ ತಿಳಿಯಲ್ವೇ?” ತಿಳಿಯುವುದಿಲ್ಲ ಸರ್, ‘ಹೆಡಿಂಗ್ 1’ ಎಂಬ ಸ್ಟೈಲ್ ಕೊಟ್ಟರೆ ಮಾತ್ರ ಅದಕ್ಕೆ ತಲೆಬರಹ ಎಂದೆ. ಮೇಷ್ಟರಿಗೆ ಕೂಡಲೇ ಅರ್ಥವಾಯಿತು. “ಓ, ಪ್ರಭಾರ ಹೆಡ್‌ಮಾಸ್ಟರ್ ಇದ್ದ ಹಾಗೆ. ಕುರ್ಚಿ ಇರುತ್ತೆ, ಆದೇಶ ಬಂದಿರಲ್ಲ.”

ವರ್ಡ್‌ನಲ್ಲಿ ಇಂಥ ಅಂತಸ್ತುಗಳು ಒಂಬತ್ತು. ಸಾಮಾನ್ಯವಾಗಿ ಪರಿವಿಡಿಯೊಳಕ್ಕೆ ಪ್ರವೇಶವಿರುವುದು ಮೊದಲ ಮೂರಕ್ಕೆ ಮಾತ್ರ. ಅಂತಸ್ತುಗಳಿಗೆ ನಾನೇ ಸಂಖ್ಯೆಯ ಸರಪಣಿ ಕಟ್ಟಿದೆ: 3, ಅದರೊಳಗೆ 3.1, ಹೀಗೆ. ಪರಿವಿಡಿ ಬೇಕೆಂದು ಕೇಳಿದಾಗ ಕ್ಷಣದಲ್ಲಿ ಬಂತು, ಆದರೆ ಕನ್ನಡವೇ ಅಲ್ಲ! ಮೇಷ್ಟರ ಫಾಂಟು ಯೂನಿಕೋಡ್ ಅಲ್ಲದ ಹಳೆಯ ಬಗೆಯದು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪಗಳನ್ನು ಕೂರಿಸಿದ್ದು. ಪರಿವಿಡಿಯ ಸಾಲುಗಳಿಗೆ ತಮ್ಮದೇ ಸ್ಟೈಲು, ತಮ್ಮದೇ ಫಾಂಟು. ‘ನ’ ಇದ್ದಲ್ಲೆಲ್ಲ ಪೌಂಡಿನ ಚಿಹ್ನೆ ಮೆರೆಯುತ್ತಿತ್ತು. “ಬಡ ಮೇಷ್ಟರ ಬಾಲ್ಯಕ್ಕೆ ಲಂಡನ್ನಿನಿಂದ ದುಡ್ಡು ಬಂತು ಬಿಡು” ಎಂದು ನಕ್ಕರು. ಅಲ್ಲೂ ಫಾಂಟು ಬದಲಿಸಿದಾಗ ಕನ್ನಡ ಮರಳಿತು, ದುಡ್ಡು ಹೋಯಿತು.

ಏಳನೆಯ ಅಧ್ಯಾಯದ ಹೆಸರು ‘ತಮ್ಮ’. ಜಮೀನು ಪಾಲಾದಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ವಿಷಯ. ಆ ತಲೆಬರಹದ ಕೆಳಗೆ ಇದ್ದದ್ದು ಒಂದೇ ಪ್ಯಾರಾ, ಅದೂ ಇಬ್ಬರೂ ಕೆರೆಯಲ್ಲಿ ಈಜು ಕಲಿತದ್ದು. “ಇದು ಬೇಡ, ತೆಗೆದುಬಿಡ್ತೀನಿ” ಎಂದು ಮೇಷ್ಟರು ತಾವೇ ಅಳಿಸಿದರು. ಮರುಕ್ಷಣವೇ ಎಂಟು ಏಳಾಯಿತು, ಒಂಬತ್ತು ಎಂಟಾಯಿತು. ಕೈಯಲ್ಲಿ ಬರೆದಿದ್ದರೆ ಆರರ ನಂತರ ಎಂಟು ಬಂದು, ನಡುವೆ ಯಾರೋ ಇದ್ದರೆಂದಾದರೂ ತಿಳಿಯುತ್ತಿತ್ತು. ಇಲ್ಲಿ ಸಾಲು ಎಷ್ಟು ಸಲೀಸಾಗಿ ಕೂಡಿಕೊಂಡಿತೆಂದರೆ ಮೇಷ್ಟರು ಮೌಸ್‌ನಿಂದ ಕೈ ತೆಗೆದು ಕೂತುಬಿಟ್ಟರು.

ಪರಿವಿಡಿಯಲ್ಲಿ ಮಾತ್ರ ತಮ್ಮ ಇನ್ನೂ ಇದ್ದ. ಕೇಳುವವರೆಗೆ ಅದು ಬದಲಾಗುವುದಿಲ್ಲವಲ್ಲ. ಎಫ್9 ಒತ್ತಿದಾಗ ಇಡೀ ಪಟ್ಟಿ ಹೊಸದಾಗಬೇಕೋ, ಪುಟಸಂಖ್ಯೆ ಮಾತ್ರವೋ ಎಂದು ಕೇಳಿತು. ಮೇಷ್ಟರು ಎರಡನೆಯದನ್ನು ಆರಿಸಿದರು. ತಮ್ಮನ ಹೆಸರು ಉಳಿಯಿತು. ಪುಟಸಂಖ್ಯೆ ಇರಬೇಕಾದಲ್ಲಿ, ತಪ್ಪಾಗಿದೆ, ಇದರ ಗುರುತು ಸಿಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಬಂತು. ಕನ್ನಡಕ ಸರಿಮಾಡಿಕೊಂಡು ಮತ್ತೆ ಮತ್ತೆ ಓದಿದರು. “ಸರಿಯಾಗೇ ಹೇಳ್ತಿದೆಯಲ್ಲೋ” ಎಂದವರು, ಅಳಿಸಿದ್ದನ್ನು ವಾಪಸ್ ತರುವುದು ಹೇಗೆಂದು ಕೇಳಿದರು. ತೋರಿಸಿದೆ.

ಪುಸ್ತಕ ಅಚ್ಚಾಗಿದೆ, ಏಳನೆಯ ಅಧ್ಯಾಯ ಅರ್ಧ ಪುಟದಷ್ಟೇ ಇದೆ. ನೀವೂ ಬರೆಯುತ್ತಿದ್ದರೆ, ಮುದ್ರಣಕ್ಕೆ ಕಳಿಸುವ ಮುನ್ನ ಪರಿವಿಡಿಯ ಮೇಲೆ ಕ್ಲಿಕ್ ಮಾಡಿ ಎಫ್9 ಒತ್ತಿ, ಕೇಳಿದರೆ ‘ಇಡೀ ಪಟ್ಟಿ’ ಎನ್ನಿ. ಪುಟಸಂಖ್ಯೆ ಮಾತ್ರ ಸಾಕೆಂದರೆ ಕೊನೆಗಳಿಗೆಯಲ್ಲಿ ಸೇರಿದವರು ಪರಿವಿಡಿಗೆ ಬರುವುದಿಲ್ಲ.