ಐವತ್ತೆಂಟಾದ ಮೇಲೂ ಬೀಡಿ

ನಿಪ್ಪಾಣಿಯ ಒಂದು ಓಣಿ. ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು, ಅರವತ್ತು ದಾಟಿದ ಆಯಿಯೊಬ್ಬರು ಬೀಡಿ ಕಟ್ಟುತ್ತಿದ್ದರು. "ಪಿಂಚಣಿ ಬರತೈತಲ್ಲ ಆಯಿ, ಇನ್ನೂ ಯಾಕ?" ಅಂದೆವು.

"ಸಾವಿರ ರೂಪಾಯಿ ಬರತೈತಿ ತಮ್ಮಾ. ಗುಳಿಗಿಗೇ ಸಾಲೂದಿಲ್ಲ."

ಆ ಸಾವಿರ, ಪಿಎಫ್ ಪಿಂಚಣಿಗೆ 2014ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಟ್ಟಿದ ಕನಿಷ್ಠ ಮೊತ್ತ. ಕನಿಷ್ಠ 10 ವರ್ಷ ದುಡಿದವರಿಗೆ 58 ತುಂಬಿದಾಗ ಸಿಗುತ್ತದೆ. ಪಿಂಚಣಿ ಶುರುವಾದ ಮೇಲೆ ಎಷ್ಟು ಬೀಡಿ ಕಟ್ಟಿದರೂ ಅದು ಒಂದು ರೂಪಾಯಿ ಏರುವುದಿಲ್ಲ. 60ರ ತನಕ ಮುಂದೂಡಿದರೆ ವರ್ಷಕ್ಕೆ ಶೇ. 4 ಹೆಚ್ಚು ಕೊಡುತ್ತಾರೆ. ಕೈಗೆ ಬರುವ ರೊಕ್ಕ ಬಿಟ್ಟು ಎರಡು ವರ್ಷ ಕಾಯುವವರು ಯಾರು? ಆಯಿ ಈಗ ಕಟ್ಟುವ ಬೀಡಿಯ ಲೆಕ್ಕ ಸೊಸೆಯ ಹೆಸರಿನಲ್ಲಿದೆ.

ಅವರ ಚಿಂತೆ ಬೇರೆಯೇ ಇತ್ತು. ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ ಹೆಬ್ಬೆಟ್ಟು ಕೊಡಬೇಕು. ಎಲೆ ಸುತ್ತಿ ಸುತ್ತಿ ಬೆರಳಿನ ಗೆರೆ ಸವೆದಿವೆ, ಮೆಷಿನ್ ಹಿಡಿಯುವುದಿಲ್ಲ. ಹೋದ ವರ್ಷ ಮೂರು ತಿಂಗಳು ಪಿಂಚಣಿ ನಿಂತಿತ್ತು. "ಕೈ ತೊಳಕೊಂಡು ಬಾ ಅಂದ್ರು. ತೊಳದ್ರ ಗೆರಿ ಬರತಾವೇನು?"

ಈಗ ಫೋನಿನಲ್ಲಿ ಮುಖ ತೋರಿಸಿದರೂ ನಡೆಯುತ್ತದೆ. ಆಧಾರ್, ಪಿಂಚಣಿ ಆದೇಶದ ನಂಬರ್, ಆಧಾರ್‌ಗೆ ಜೋಡಿಸಿದ ಮೊಬೈಲ್ ಬೇಕು. ಇದನ್ನು ಆಯಿಗೆ ಯಾರೂ ಹೇಳಿರಲಿಲ್ಲ. ಅಲ್ಲೇ ಕೂತು ಮಾಡಿದೆವು. ನೆರಳಿನಲ್ಲಿ ಎರಡು ಸಲ ಆಗಲಿಲ್ಲ, ಬಿಸಿಲಿಗೆ ಬಂದ ಮೇಲೆ ಆಯಿತು.

"ಆತಲ್ಲ? ಸ್ವಲ್ಪ ಸರಿ ತಮ್ಮಾ, ಬೆಳಕ ಬಿಡು. ಸಂಜಿಗೆ ಬೀಡಿ ಕೊಡಬೇಕು."