ಚೌಕಿಯಲ್ಲಿ ಕೇಳಿದ ಮಾತು



ಕೆಲವು ವರ್ಷಗಳ ಹಿಂದೆ ನಮ್ಮೂರಿನ ದಾಸೋಹದ ಉಸ್ತುವಾರಿ ನನ್ನ ಪಾಲಿಗೆ ಬಂದಿತ್ತು. ಅಕ್ಕಿ ಎಲ್ಲಿಂದ ಬರಬೇಕು, ಯಾರ ಮನೆಯ ಕೊಪ್ಪರಿಗೆ ತರಬೇಕು, ಉಗ್ರಾಣದ ಬೀಗದ ಕೈ ಎಲ್ಲಿದೆ ಎಂಬುದೆಲ್ಲವೂ ನನ್ನೊಬ್ಬನ ತಲೆಯಲ್ಲಿಯೇ ಇತ್ತು. ಅದನ್ನೇ ಸೇವೆಯೆಂದು ಭಾವಿಸಿದ್ದೆ. ಉತ್ಸವದ ಮುನ್ನಾದಿನ ಜ್ವರ ಬಂದು ಮಲಗಿದೆ. ಮರುದಿನ ಪಂಕ್ತಿಯಲ್ಲಿ ಕುಳಿತ ವೃದ್ಧರೂ ಮಕ್ಕಳೂ ಎರಡು ತಾಸು ಅನ್ನಕ್ಕಾಗಿ ಕಾದರೆಂದು ಕೇಳಿ ಆದ ಲಜ್ಜೆ ಇಂದಿಗೂ ಆರಿಲ್ಲ. ದುಡಿಯುವ ಕೈಗಳಿಗೇನೂ ಅಂದು ಕೊರತೆಯಿರಲಿಲ್ಲ.

ಮುಂದೊಮ್ಮೆ ಬೆಳ್ತಂಗಡಿಯ ಕಡೆ ಬಂಧುಗಳ ಮನೆಗೆ ಹೋದಾಗ ರಾತ್ರಿಯಿಡೀ ಯಕ್ಷಗಾನ ಬಯಲಾಟ ನೋಡಿದೆ. ಬಂಟ್ವಾಳ, ಮೂಡುಬಿದಿರೆಯವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಬಯಲುಸೀಮೆಯ ಓದುಗರಿಗಾಗಿ ಹೇಳುತ್ತೇನೆ. ಪ್ರಸಂಗದ ಪುಸ್ತಕದಲ್ಲಿರುವುದು ಹಾಡುವ ಪದ್ಯಗಳು ಮಾತ್ರ. ಮಾತನ್ನು ವೇಷಧಾರಿಯು ರಂಗದಲ್ಲಿಯೇ ಕಟ್ಟಬೇಕು. ನಾಟಕದವರಂತೆ ದಿನಗಟ್ಟಲೆ ತಾಲೀಮು ನಡೆಸುವ ರೂಢಿಯೂ ಇಲ್ಲ. ನಡುರಾತ್ರಿ ಒಬ್ಬ ಭಾಗವತರು ಎದ್ದು ಇನ್ನೊಬ್ಬರು ಜಾಗಟೆ ಹಿಡಿದರು. ಕಥೆ ಎಲ್ಲಿಯೂ ಮುಗ್ಗರಿಸಲಿಲ್ಲ.

ಪ್ರಸಂಗದ ನಡೆ ಎಲ್ಲರ ಸೊತ್ತಾಗಿರುವುದೇ ಇದರ ಗುಟ್ಟು. ಕೋಡಂಗಿ, ಬಾಲಗೋಪಾಲ ವೇಷಗಳಿಂದ ಆರಂಭಿಸುವ ಹುಡುಗರು ಹಿರಿಯರ ಆಟವನ್ನು ನೋಡುತ್ತ ನೋಡುತ್ತ ಅದನ್ನು ಕಲಿಯುತ್ತಾರೆ. ಮೂಡುಬಿದಿರೆ ಬಳಿಯ ಮಾರೂರಿನಲ್ಲಿ ನೆಲೆಸಿದ್ದು 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರಿಗೆ ಅನೇಕ ಪ್ರಸಂಗಗಳು ಕಂಠಸ್ಥವಾಗಿದ್ದವು. ಆದರೆ ಅಂಥ ಭಾಗವತರಿಗೂ ಎದುರಿನ ವೇಷಧಾರಿಗೆ ನಡೆ ತಿಳಿದಿರಲೇಬೇಕಷ್ಟೆ! ಹಾಗೆಂದು ಎಲ್ಲರೂ ಎಲ್ಲವನ್ನೂ ಬಲ್ಲರೆಂದಲ್ಲ. ಮದ್ದಳೆಯವರು ಅರ್ಥ ಹೇಳಬೇಕಿಲ್ಲ. ಯಾರು ಏನನ್ನು ಬಲ್ಲರೆಂಬುದು ಎಲ್ಲರಿಗೂ ತಿಳಿದಿದ್ದರೆ ಸಾಕು. 1995ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಮೆರಿಕದ ಸಂಶೋಧಕರು ರೇಡಿಯೊ ಜೋಡಿಸುವ ಕೆಲಸವನ್ನು ಕೆಲವರಿಗೆ ಗುಂಪಾಗಿಯೂ ಕೆಲವರಿಗೆ ಬಿಡಿಬಿಡಿಯಾಗಿಯೂ ಕಲಿಸಿ ನೋಡಿದರು. ಒಟ್ಟಿಗೆ ಕಲಿತ ಗುಂಪುಗಳೇ ಕಡಿಮೆ ತಪ್ಪು ಮಾಡಿದವು. ಯಾರ ಬಳಿ ಯಾವ ತಿಳಿವಿದೆಯೆಂಬ ಅರಿವೇ ಅದಕ್ಕೆ ಕಾರಣವೆಂದು ಕಂಡುಕೊಂಡರು.

ಆಟಕ್ಕೆ ಮೊದಲು ಚೌಕಿಯಲ್ಲಿ ಬಣ್ಣ ಹಚ್ಚುತ್ತಲೇ ಕಲಾವಿದರು ಎರಡು ಮಾತಾಡಿಕೊಂಡದ್ದು ನನ್ನ ಕಿವಿಗೆ ಬಿತ್ತು. ಇಂದು ಯಾವ ಪದ್ಯ ಬಿಡುವುದು, ಯಾವ ಸಂಧಿಯಲ್ಲಿ ಮಾತು ಮೊಟಕುಗೊಳಿಸುವುದು, ಅಷ್ಟೇ. ಎಲ್ಲರಿಗೂ ಗೊತ್ತಿದ್ದುದನ್ನು ಯಾರೂ ಆಡಲಿಲ್ಲ. ನಮ್ಮ ಸಭೆಗಳಲ್ಲಿ ಇದಕ್ಕೆ ವಿಪರೀತ: ಗೊತ್ತಿದ್ದುದನ್ನೇ ಗಂಟೆಗಟ್ಟಲೆ ಆಡಿ, ಒಬ್ಬನಿಗೇ ಗೊತ್ತಿದ್ದುದನ್ನು ಅವನಲ್ಲಿಯೇ ಬಿಟ್ಟು ಏಳುತ್ತೇವೆ.

ಊರಿಗೆ ಮರಳಿ ಉಗ್ರಾಣದ ಗೋಡೆಗೆ ಪಟ್ಟಿ ಅಂಟಿಸಿದೆ, ಬೀಗದ ಕೈ ಮೂರು ಮಾಡಿಸಿದೆ, ಹುಡುಗರನ್ನು ಒಂದು ವರ್ಷ ಜೊತೆಯಲ್ಲಿ ತಿರುಗಿಸಿದೆ. ಕಳೆದ ಉತ್ಸವಕ್ಕೆ ಬೇಕೆಂದೇ ತಡವಾಗಿ ಹೋದೆ. ಮೊದಲ ಪಂಕ್ತಿ ಏಳುತ್ತಿತ್ತು. ಹುಡುಗನೊಬ್ಬ ಎಲೆ ಹಾಕುತ್ತ, “ಅಜ್ಜಾರ, ಕುಂಡ್ರಿ, ಅನ್ನ ತಣ್ಣಗಾಗ್ತದ” ಎಂದ.