ನೀರುಗಂಟಿಯ ಮನೆಯ ಯಂತ್ರ

ಶ್ರೀರಂಗಪಟ್ಟಣದ ಹೊಳೆಯನ್ನು ದಾಟಿ ಬೆಂಗಳೂರಿನ ಕಡೆಗೆ ಹೊರಟವರಿಗೆ ಮೊದಮೊದಲು ಸಿಗುವ ಊರುಗಳಲ್ಲಿ ಕಿರಂಗೂರೂ ಒಂದು. ವರ್ಷಕ್ಕೊಮ್ಮೆ, ಶ್ರೀರಂಗಪಟ್ಟಣದ ದಸರೆಯ ಮೆರವಣಿಗೆ ಅಲ್ಲಿಯ ಬನ್ನಿಮಂಟಪದಿಂದ ಹೊರಡುವಾಗ, ಆ ಊರಿನ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮಿಕ್ಕ ದಿನಗಳಲ್ಲಿ ಅದು ಕಬ್ಬು, ಬತ್ತ, ನಾಲೆಯ ನೀರು ಇವುಗಳ ಚಿಂತೆಯಲ್ಲಿ ತನ್ನ ಪಾಡಿಗೆ ತಾನಿರುತ್ತದೆ. ಇಂಥ ಊರಿನ ಒಂದು ಹೆಂಚಿನ ಮನೆಯಲ್ಲಿ, ನೀರಿನಿಂದ ತಂಪಾಗುವ ಕಂಪ್ಯೂಟರೊಂದನ್ನು ಕಟ್ಟುವ ವಿಚಾರವಾಗಿ ಎರಡು ತಿಂಗಳ ಕಾಲ ಚರ್ಚೆ ನಡೆಯಿತೆಂದರೆ ನಗುವವರೂ ಉಂಟು. ಆದರೆ ಆ ಮನೆಯವರಿಗೆ ಅದು ನಗುವ ಮಾತಾಗಿರಲಿಲ್ಲ.

ಮನೆಯ ಯಜಮಾನ ನೀರುಗಂಟಿಯಾಗಿದ್ದವನು. ಯಾವ ತೂಬನ್ನು ಯಾವ ಹೊತ್ತಿಗೆ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಗಳಿಗೆ ನೀರು ಹರಿಯಬೇಕು ಎಂಬುದನ್ನು ನೋಡಿಕೊಳ್ಳುವುದರಲ್ಲಿಯೇ ಅವನ ತಲೆ ನರೆತಿತ್ತು. ಇದ್ದೊಬ್ಬ ಮಗ ತೂಬಿನ ಕಡೆಗೆ ತಿರುಗಿ ನೋಡಿದವನಲ್ಲ. ಇನ್ನೂ ಕಟ್ಟದಿರುವ ಮನೆಗಳ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ರಚಿಸಿ, ಮೈಸೂರಿನ ವಾಸ್ತುಶಿಲ್ಪಿಗಳಿಗೆ ಒದಗಿಸುವುದು ಅವನ ಕಸುಬು. ಬೆಳಗಿನ ಬಿಸಿಲು ಕಿಟಕಿಯಿಂದ ಬಂದು ನೆಲದ ಮೇಲೆ ಹೇಗೆ ಬೀಳುತ್ತದೆ, ಅಲ್ಲಿಂದ ಚಿಮ್ಮಿ ಗೋಡೆಗೆ ಎಷ್ಟು ಬಣ್ಣ ಹಚ್ಚುತ್ತದೆ ಎಂಬುದನ್ನು ಯಂತ್ರವು ಕಿರಣಕಿರಣಕ್ಕೂ ಲೆಕ್ಕ ಹಾಕಿ ತೋರಿಸಬೇಕು. ಒಂದು ನಿಮಿಷದ ಚಲನಚಿತ್ರಕ್ಕೆ 1,800 ಚಿತ್ರಗಳು ಬೇಕು. ಅವನ ಹಳೆಯ ಯಂತ್ರಕ್ಕೆ ಒಂದೊಂದು ಚಿತ್ರಕ್ಕೆ 5 ನಿಮಿಷ ಹಿಡಿಯುತ್ತಿತ್ತು. ಒಟ್ಟು 150 ಗಂಟೆ, ಅಂದರೆ ಆರು ದಿನ ಆರು ಗಂಟೆ. ಅಷ್ಟು ಹೊತ್ತಿನೊಳಗೆ ಮನೆ ಕಟ್ಟಿಸುವವರ ಮನಸ್ಸು ಎರಡು ಬಾರಿ ಬದಲಾಗಿರುತ್ತದೆ. ಇಬ್ಬರು ಗಿರಾಕಿಗಳು ಅದಾಗಲೇ ಕೈಬಿಟ್ಟಿದ್ದರು. ಹೊಸ ಯಂತ್ರ ಬಾರದಿದ್ದರೆ ಬೆಂಗಳೂರಿಗೆ ಹೋಗಿ ಯಾವುದಾದರೊಂದು ಕಂಪನಿಯ ಸಂಬಳಕ್ಕೆ ಸೇರುವುದೇ ಗತಿ. ಆಮೇಲೆ ಈ ಹೆಂಚಿನ ಮನೆಯಲ್ಲಿ ಉಳಿಯುವವರು ಮುದುಕ ಮುದುಕಿ ಇಬ್ಬರೇ. ಈ ಮಾತನ್ನು ಮೂವರಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ಆದರೂ ಪಟ್ಟಿ ಬರೆಯಲು ಕುಳಿತಾಗಲೆಲ್ಲ ಅದು ನಡುವೆ ಬಂದು ಕೂರುತ್ತಿತ್ತು.

ಮೊದಲ ಪಟ್ಟಿಯಲ್ಲಿ ಎರಡು ಗ್ರಾಫಿಕ್ಸ್ ಕಾರ್ಡುಗಳಿದ್ದವು. ಮೊತ್ತ ಎಂಟೂವರೆ ಲಕ್ಷ ದಾಟಿದುದನ್ನು ಕಂಡು ಮಗನೇ ಅದನ್ನು ಯಾರಿಗೂ ತೋರಿಸದೆ ಹರಿದುಹಾಕಿದ. ಎರಡನೆಯ ಪಟ್ಟಿಯಲ್ಲಿ ಒಂದೇ ಕಾರ್ಡು: 2025ರಲ್ಲಿ ಮಾರುಕಟ್ಟೆಗೆ ಬಂದ ಎನ್‌ವಿಡಿಯಾ ಆರ್‌ಟಿಎಕ್ಸ್ 5090. ಜೊತೆಗೆ ಎಎಮ್‌ಡಿಯ ರೈಜನ್ 9 9950ಎಕ್ಸ್ ಪ್ರೊಸೆಸರ್. ಒಂದು ಚಿತ್ರ ಒಂದು ನಿಮಿಷಕ್ಕೆ ಇಳಿದರೂ ಆರು ದಿನದ ಕೆಲಸ 30 ಗಂಟೆಗೆ ಇಳಿಯುತ್ತದೆ. ಆದರೆ ಪೂರ್ಣ ದುಡಿಮೆಯಲ್ಲಿ ಆ ಕಾರ್ಡು 575 ವಾಟ್, ಪ್ರೊಸೆಸರು ಸುಮಾರು 230 ವಾಟ್ ವಿದ್ಯುತ್ತನ್ನು ನುಂಗುತ್ತವೆ. ನುಂಗಿದುದೆಲ್ಲವೂ ಕಡೆಗೆ ಶಾಖವಾಗಿಯೇ ಹೊರಬೀಳಬೇಕು. 800 ವಾಟ್ ಎಂದರೆ ಕಾದ ಇಸ್ತ್ರಿ ಪೆಟ್ಟಿಗೆಯೊಂದನ್ನು ಹಗಲಿರುಳು ಕೋಣೆಯೊಳಗೆ ಇಟ್ಟುಕೊಂಡಂತೆ. ಮಂಡ್ಯ ಸೀಮೆಯ ಏಪ್ರಿಲ್ ತಿಂಗಳನ್ನು ಕಂಡವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದಕ್ಕಾಗಿಯೇ ನೀರು. ಒಂದೇ ಗಾತ್ರದ ಗಾಳಿಗೂ ನೀರಿಗೂ ಹೋಲಿಸಿದರೆ, ಅಷ್ಟೇ ಬಿಸಿಯೇರುವಾಗ ನೀರು ಹೊರುವ ಶಾಖ ಗಾಳಿಗಿಂತ ಸುಮಾರು ಮೂರೂವರೆ ಸಾವಿರ ಪಾಲು ಹೆಚ್ಚು. ಪ್ರೊಸೆಸರಿನ ಮೇಲೊಂದು, ಕಾರ್ಡಿನ ಮೇಲೊಂದು ತಾಮ್ರದ ಬಿಲ್ಲೆಯನ್ನು ಕೂರಿಸಿ, ಅವುಗಳೊಳಗಿನ ಕೂದಲೆಳೆಯಂಥ ಕಾಲುವೆಗಳಲ್ಲಿ ನೀರನ್ನು ಹರಿಸಿ, ಬಿಸಿಯಾದ ನೀರನ್ನು ರೇಡಿಯೇಟರಿಗೆ ಒಯ್ದು ಫ್ಯಾನುಗಳಿಂದ ಆರಿಸಿ ಮತ್ತೆ ಹಿಂದಕ್ಕೆ ಕಳಿಸುವುದು ಇದರ ಕ್ರಮ. ಉಪಾಯವೇನೂ ಹೊಸದಲ್ಲ. ಐಬಿಎಮ್ ಕಂಪನಿಯು 1960ರ ದಶಕದಲ್ಲಿಯೇ ತನ್ನ 360 ಶ್ರೇಣಿಯ 91ನೆಯ ಮಾದರಿಯನ್ನು ನೀರಿನಿಂದ ತಂಪುಗೊಳಿಸಿತ್ತು. 1985ರ ಕ್ರೇ-2 ಯಂತ್ರವಂತೂ ವಿದ್ಯುತ್ತು ಹರಿಯದ ಒಂದು ದ್ರವದಲ್ಲಿ ಮುಳುಗಿಯೇ ದುಡಿಯುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕಾರ್ಯಾರಂಭ ಮಾಡಿದ ‘ಪರಮ್ ಪ್ರವೇಗ’ ಎಂಬ 3.3 ಪೆಟಾಫ್ಲಾಪ್ ಸಾಮರ್ಥ್ಯದ ಮಹಾಯಂತ್ರವೂ ದ್ರವದಿಂದ ತಂಪಾಗುವ ಜಾತಿಯದೇ. ಇವನ್ನೆಲ್ಲ ಮಗ ಹೇಳಿದಾಗ ತಂದೆಗೆ ನೆನಪಾದದ್ದು ಮಾತ್ರ ಬೇರೆ. ಹಿಂದೆ ಹಿಟ್ಟಿನ ಗಿರಣಿಯ ಡೀಸೆಲ್ ಎಂಜಿನ್ನಿನ ಪಕ್ಕದಲ್ಲಿ ಒಂದು ದೊಡ್ಡ ನೀರಿನ ತೊಟ್ಟಿ ಇರುತ್ತಿತ್ತು. ಬಿಸಿಯಾದ ನೀರು ಮೇಲಿನ ಕೊಳವೆಯಿಂದ ತೊಟ್ಟಿಗೆ ಬಂದು, ತಣ್ಣಗಾದ ನೀರು ಕೆಳಗಿನ ಕೊಳವೆಯಿಂದ ಎಂಜಿನ್ನಿಗೆ ತಾನಾಗಿಯೇ ಹಿಂದಿರುಗುತ್ತಿತ್ತು.

“ಅದೇ ಅಲ್ವೇನ್ಲಾ ಇದು?” ಎಂದು ತಂದೆ ಕೇಳಿದ.

“ಅದೇ ಕಣಪ್ಪ. ಇದಕ್ಕೊಂದು ಪಂಪು ಜಾಸ್ತಿ.”

ಅಂದಿನಿಂದ ಆ ನಕ್ಷೆ ತಂದೆಗೆ ಅನ್ಯವಾಗಿ ಉಳಿಯಲಿಲ್ಲ. ಕನ್ನಡಕ ಏರಿಸಿ, ಬೆರಳನ್ನು ಗೆರೆಯ ಮೇಲೆ ಆಡಿಸುತ್ತ, ಅವನು ಅದನ್ನು ನಾಲೆಯ ನಕ್ಷೆಯಂತೆಯೇ ಓದತೊಡಗಿದ. ಮೊದಲ ಆಕ್ಷೇಪಣೆ ಬಂದದ್ದು ಕೊನೆಯ ಗದ್ದೆಯ ಪರವಾಗಿ. ನೀರು ಮೊದಲು ಪ್ರೊಸೆಸರನ್ನು ಮುಟ್ಟಿ ಬಿಸಿಯಾಗಿ ಆಮೇಲೆ ಕಾರ್ಡಿಗೆ ಹೋದರೆ, ಹಿಂದಿನವನಿಗೆ ಅನ್ಯಾಯವಾಗಲಿಲ್ಲವೇ? ನಾಲೆಯ ಕಡೆಯ ಭಾಗದ ರೈತರ ಬೈಗುಳವನ್ನು ತಿಂದು ಬದುಕಿದವನಿಗೆ ಈ ಸಂಶಯ ಸಹಜ. ಮಗ ಲೆಕ್ಕ ಮಾಡಿ ತೋರಿಸಿದ. ನಿಮಿಷಕ್ಕೆ 4 ಲೀಟರು ನೀರು ಹರಿದರೆ, 800 ವಾಟ್ ಶಾಖವನ್ನೆಲ್ಲ ಹೊತ್ತರೂ ಒಂದು ಸುತ್ತಿನಲ್ಲಿ ನೀರಿನ ಬಿಸಿ ಏರುವುದು ಸುಮಾರು 3 ಡಿಗ್ರಿ ಮಾತ್ರ. ಆದ್ದರಿಂದ ಯಾರು ಮೊದಲು, ಯಾರು ಹಿಂದೆ ಎಂಬುದು ಇಲ್ಲಿ ದೊಡ್ಡ ಮಾತಲ್ಲ. ಕೊಳವೆ ಎಲ್ಲಿ ಸರಾಗವಾಗಿ ಬಾಗುತ್ತದೆಯೋ ಅದೇ ಸರದಿ. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಂಥಾ ನಾಲೆ ಈ ಜಿಲ್ಲೆಲಿ ಇಲ್ಲ ಬಿಡು” ಎಂದ.

ಆದರೆ ಪಂಪಿನ ವಿಷಯದಲ್ಲಿ ಗೆದ್ದವನು ತಂದೆಯೇ. ನೀರಿನ ಡಬ್ಬಿಯನ್ನು ಚೆಂದಕ್ಕಾಗಿ ಮಗ ಕೆಳಗೆ ಬರೆದು ಪಂಪನ್ನು ಮೇಲೆ ಬರೆದಿದ್ದ. ಪಂಪು ಗಾಳಿ ಕುಡಿದರೆ ಸುಟ್ಟುಹೋಗುತ್ತದೆಂಬುದು ಬಾವಿಗೆ ಮೋಟಾರು ಇಳಿಸಿದ ಯಾವ ರೈತನಿಗಾದರೂ ಗೊತ್ತು. ಡಬ್ಬಿ ಮೇಲಕ್ಕೇರಿತು, ಪಂಪು ಕೆಳಗಿಳಿಯಿತು. ಎಲ್ಲಕ್ಕಿಂತ ತಗ್ಗಿನಲ್ಲಿ, ಬೇಕೆಂದಾಗ ನೀರನ್ನು ಬಸಿದುಬಿಡಲು ಒಂದು ನಲ್ಲಿಯೂ ಸೇರಿಕೊಂಡಿತು.

ಯಾವ ನೀರು ಎಂಬ ಪ್ರಶ್ನೆಯೂ ಬಂತು. ಕಾವೇರಿಯ ದಡದಲ್ಲಿದ್ದುಕೊಂಡು ನೀರನ್ನು ಕೊಳ್ಳುವುದೇ ಎಂದು ತಾಯಿಗೆ ಅಚ್ಚರಿ. ಆದರೆ ಹೊಳೆಯ ನೀರಾಗಲಿ, ಕೊಳವೆಬಾವಿಯ ನೀರಾಗಲಿ ಇಲ್ಲಿ ಸಲ್ಲದು. ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಹೆಕ್ಕಳೆಯೇ ಆ ಕೂದಲೆಳೆಯ ಕಾಲುವೆಗಳನ್ನೂ ಮುಚ್ಚಿಬಿಡುತ್ತದೆ. ಬಟ್ಟಿಯಿಳಿಸಿದ ನೀರೇ ಆಗಬೇಕು, ಅದರಲ್ಲಿ ಪಾಚಿ ಬೆಳೆಯದಂತೆ, ಲೋಹ ಸವೆಯದಂತೆ ಔಷಧ ಬೆರೆಸಬೇಕು, ವರ್ಷಕ್ಕೊಮ್ಮೆಯಾದರೂ ಬದಲಾಯಿಸಬೇಕು. ತಾಮ್ರದ ಬಿಲ್ಲೆಗೆ ಅಲ್ಯೂಮಿನಿಯಂ ರೇಡಿಯೇಟರನ್ನು ಜೋಡಿಸಿದರೆ ಎರಡು ಲೋಹಗಳ ನಡುವೆ ಬ್ಯಾಟರಿಯಲ್ಲಿ ನಡೆಯುವಂಥ ಕ್ರಿಯೆ ನಡೆದು ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ಅಗ್ಗವಾಗಿ ಸಿಗುವ ರೇಡಿಯೇಟರುಗಳಲ್ಲಿ ಅನೇಕವು ಅಲ್ಯೂಮಿನಿಯಂನವು. ಇಲ್ಲಿ ಅಗ್ಗಕ್ಕೆ ಮನಸೋತವರು ಮರುವರ್ಷ ಯಂತ್ರಕ್ಕಾಗಿ ಅಳುತ್ತಾರೆ. ಗಾಜಿನಂತೆ ಹೊಳೆಯುವ ಗಟ್ಟಿ ಕೊಳವೆಗಳ ಆಸೆಯನ್ನೂ ಮಗ ಬಿಟ್ಟುಕೊಟ್ಟು, ಕಪ್ಪು ರಬ್ಬರಿನ ಮೆತ್ತನೆಯ ಕೊಳವೆಯನ್ನೇ ಬರೆದುಕೊಂಡ. ಬೆಳಕು ಒಳಗೆ ಹೋಗದಿದ್ದರೆ ಪಾಚಿಯ ಭಯವೂ ಕಡಮೆ.

ತಾಯಿಯ ಆಕ್ಷೇಪಣೆ ಇವೆಲ್ಲಕ್ಕಿಂತ ಬಲವಾದದ್ದು. ಎರಡನೆಯ ಪಟ್ಟಿಯ ಮೊತ್ತ 5,60,000 ರೂಪಾಯಿ. ಮಗ ಕೂಡಿಟ್ಟದ್ದು 3,60,000. ಉಳಿದ ಎರಡು ಲಕ್ಷಕ್ಕೆ ಇದ್ದ ಒಂದೇ ದಾರಿ ಅಂಚೆ ಕಚೇರಿಯಲ್ಲಿದ್ದ ನಾಲ್ಕು ಲಕ್ಷ. ಅದು ಹೆಂಚನ್ನು ತೆಗೆಸಿ ತಾರಸಿ ಹಾಕಿಸಲು ಇಟ್ಟ ಹಣ. ಕೋತಿಗಳು ಹೆಂಚನ್ನು ಸರಿಸಿಹೋದ ಮೇಲೆ ಬಂದ ಮಳೆಗೆ ಕೊಳಗ, ತಪ್ಪಲೆ, ಬಕೀಟುಗಳನ್ನು ಒಡ್ಡಿ ರಾತ್ರಿ ಕಳೆದವಳು ಅವಳು.

“ಮೇಲಿಂದ ಸೋರೋ ನೀರ್ನ ನಿಲ್ಸೋಕೆ ಅಂತ ಇಟ್ಟ ದುಡ್ಡು ಕಣಪ್ಪ. ಅದ್ನ ತಕ್ಕೊಂಡು ಒಳಗೆ ನೀರು ಬಿಟ್ಕೋತೀನಿ ಅಂತೀಯಲ್ಲ!”

ಇದಕ್ಕೆ ಮಗನಲ್ಲಿ ಉತ್ತರವಿರಲಿಲ್ಲ. ಸೋರುವ ಸೂರಿನ ಕೆಳಗೆ ಅಷ್ಟು ಬೆಲೆಯ ಯಂತ್ರವನ್ನು ಇಡುವುದು ಹೇಗೆಂಬುದಕ್ಕೂ ಉತ್ತರವಿರಲಿಲ್ಲ. ಒಂದು ವಾರ ಪಟ್ಟಿ ಪೆಟ್ಟಿಗೆಯಲ್ಲಿಯೇ ಉಳಿಯಿತು. ಬೆಂಗಳೂರಿನಲ್ಲಿದ್ದ ಗೆಳೆಯನೊಬ್ಬನಿಗೆ ಕೆಲಸದ ವಿಚಾರವಾಗಿ ಅವನು ಫೋನು ಮಾಡಿದುದನ್ನು ತಾಯಿ ಅಡುಗೆಮನೆಯಿಂದಲೇ ಕೇಳಿಸಿಕೊಂಡಳು.

ಪಟ್ಟಿಯನ್ನು ಮತ್ತೆ ಹೊರಗೆ ತೆಗೆದವನು ತಂದೆ. ಅದರಲ್ಲಿದ್ದ ಒಂದು ಬಾಬ್ತು ಅವನ ಮನಸ್ಸನ್ನು ಕೊರೆಯುತ್ತಿತ್ತು: ಕೋಣೆಗೆ ಎ.ಸಿ., 45,000 ರೂಪಾಯಿ. ನೀರಿನಿಂದ ತಂಪಾಗುವ ಯಂತ್ರಕ್ಕೆ ಮತ್ತೆ ಎ.ಸಿ. ಏಕೆ? ಮಗ ವಿವರಿಸಿದ. ನೀರು ಶಾಖವನ್ನು ಕೊಲ್ಲುವುದಿಲ್ಲ. ಚಿಪ್ಪಿನಿಂದ ಎತ್ತಿ ರೇಡಿಯೇಟರಿಗೆ ತಂದು ಕೋಣೆಯ ಗಾಳಿಗೆ ಕೊಡುತ್ತದೆ, ಅಷ್ಟೆ. ಕೋಣೆ ಕಾದಂತೆಲ್ಲ ನೀರೂ ಕಾಯುತ್ತದೆ, ಏಕೆಂದರೆ ಸುತ್ತಲಿನ ಗಾಳಿಗಿಂತ ತಣ್ಣಗೆ ನೀರನ್ನು ಆರಿಸುವುದು ಯಾವ ರೇಡಿಯೇಟರಿಗೂ ಸಾಧ್ಯವಿಲ್ಲ.

“ಅಂದ್ರೆ ಗದ್ದೆಗೆ ನೀರು ಬಿಟ್ಟೆ, ಬಸಿಗಾಲುವೆ ತೋಡಲಿಲ್ಲ ಅನ್ನು” ಎಂದ ನೀರುಗಂಟಿ.

ಮಂಡ್ಯ ಸೀಮೆಯಲ್ಲಿ ಈ ಮಾತಿನ ತೂಕ ಎಲ್ಲರಿಗೂ ಗೊತ್ತು. ಕನ್ನಂಬಾಡಿ ಕಟ್ಟೆ ಬಂದು ನೀರು ಹರಿದದ್ದು ಭಾಗ್ಯವೇ ಸರಿ. ಆದರೆ ಹೆಚ್ಚಾದ ನೀರು ಹೊರಕ್ಕೆ ಹೋಗಲು ದಾರಿಯಿಲ್ಲದ ತಗ್ಗಿನ ಭೂಮಿ ಜೌಗಾಗಿ, ಚೌಳು ಹಿಡಿದು, ಬೆಳೆ ಬಾರದಂತಾದದ್ದೂ ಉಂಟು. ತರುವ ಕಾಲುವೆಯನ್ನು ಎಲ್ಲರೂ ಹೊಗಳುತ್ತಾರೆ. ಬಸಿಯುವ ಕಾಲುವೆಯ ಹೂಳು ತೆಗೆಯಲು ಯಾರೂ ಬರುವುದಿಲ್ಲ ಎಂಬುದು ಅವನ ಹಳೆಯ ಕೊರಗು. ಈಗ ಅವನು ಎದ್ದು ಹೋಗಿ ಕೋಣೆಯ ಹಿಂದಿನ ಗೋಡೆಯನ್ನು ಬೆರಳಿನಿಂದ ಕುಟ್ಟಿದ. ಅದರಾಚೆ ಹಿತ್ತಿಲ ಜಗಲಿ. ಉತ್ತರದ ಕಡೆ, ಹೆಚ್ಚು ಬಿಸಿಲು ಬೀಳದ ಜಾಗ. “ಆ ರೇಡಿಯೇಟರ್‌ನ ಇಲ್ಲಿಟ್ರೆ?”

ಇದು ಹುಚ್ಚು ಕಲ್ಪನೆಯೇನಲ್ಲ. ಪೆಟ್ಟಿಗೆಯ ಹೊರಗೆ ನಿಲ್ಲಿಸುವ, ಒಂಬತ್ತು ಫ್ಯಾನುಗಳ ದೊಡ್ಡ ರೇಡಿಯೇಟರುಗಳು ಮಾರುಕಟ್ಟೆಯಲ್ಲಿವೆ. 120 ಮಿಲಿಮೀಟರಿನ ಒಂದು ಫ್ಯಾನಿನ ಜಾಗಕ್ಕೆ 100 ವಾಟ್ ಎಂದು ಸ್ಥೂಲವಾಗಿ ಹಿಡಿದರೂ 900 ವಾಟ್ ಆಯಿತು; ಗಾಳಿಗಿಂತ ನೀರು 10 ಡಿಗ್ರಿಯಷ್ಟು ಬಿಸಿಯಾಗಿರುತ್ತದೆಂಬ ಲೆಕ್ಕವದು. ಏಪ್ರಿಲಿನ ಹಗಲು ಜಗಲಿಯಲ್ಲಿ 36 ಡಿಗ್ರಿ ಇದ್ದರೆ ನೀರು 46. ಅವನು ಆರಿಸಿದ್ದ ಪಂಪು 60ರವರೆಗೆ ತಾಳುತ್ತದೆ. ಭಾರಿ ಕೆಲಸವನ್ನು ರಾತ್ರಿಯ ಸರದಿಗೆ ಇಟ್ಟುಕೊಂಡರೆ ಇನ್ನೂ ಹಗುರ. ಸುತ್ತು ಮುಚ್ಚಿದ್ದಾದ್ದರಿಂದ ನೀರನ್ನು ಎತ್ತರಕ್ಕೆ ಏರಿಸುವ ಭಾರವಿಲ್ಲ, ಏರಿದಷ್ಟೇ ಇಳಿಯುತ್ತದೆ. ಉದ್ದ ಹೆಚ್ಚಿದಂತೆ ಕೊಳವೆಯ ತಡೆಯೊಂದನ್ನೇ ನೋಡಿಕೊಳ್ಳಬೇಕು. ಶ್ರೀರಂಗಪಟ್ಟಣದಲ್ಲಿ ಬಂಗಾರದೊಡ್ಡಿ ನಾಲೆಯ ನೀರು ಮೇಲ್ಗಾಲುವೆಯಲ್ಲಿ ಹೊಳೆಯ ಮೇಲೆಯೇ ದಾಟಿಹೋಗುತ್ತದಲ್ಲವೆ? ಹಾಗೆ ಈ ನೀರೂ ಗಾಳಿಯೂ ಒಂದನ್ನೊಂದು ಬೆರೆಯದೆ ಹಾದುಹೋಗುತ್ತವೆ. ಬಿಸಿಯೊಂದು ಮಾತ್ರ ಕೈ ಬದಲಾಯಿಸುತ್ತದೆ. ಬರಿಯ ಫ್ಯಾನುಗಳಿಂದ ತಂಪಾಗುವ ಯಂತ್ರಕ್ಕೆ ಈ ಅನುಕೂಲವಿಲ್ಲ. ಅದರ ಬಿಸಿ ಕೋಣೆಯನ್ನು ಬಿಟ್ಟು ಹೋಗದು. ನಿಜ ಹೇಳಬೇಕೆಂದರೆ, ಈ ಜಗಲಿ ಹೊಳೆಯುವವರೆಗೆ ನೀರಿನ ಏರ್ಪಾಡಿಗೆಂದು ಬರೆದಿದ್ದ 85,000 ರೂಪಾಯಿಗಳಲ್ಲಿ ಅವಶ್ಯಕತೆಗಿಂತ ಶೋಕಿಯ ಪಾಲೇ ಹೆಚ್ಚಾಗಿತ್ತು.

ಎ.ಸಿ.ಯ 45,000 ಹೋಯಿತು, ದೊಡ್ಡ ರೇಡಿಯೇಟರಿಗೆಂದು 15,000 ಸೇರಿತು. ಕೊರತೆ 1,70,000ಕ್ಕೆ ಇಳಿಯಿತು. ಜಗಲಿಗೆ ಇಲಿ ಅಳಿಲುಗಳು ಬರುತ್ತವೆಂದು ತಂತಿಬಲೆಯ ಗೂಡು, ಕಬ್ಬಿನ ಗಾಡಿಗಳ ಧೂಳಿಗೆ ತೊಳೆಯಬಹುದಾದ ಜಾಲರಿ, ಗೋಡೆಯ ಬಳಿ ಕಳಚಿ ಜೋಡಿಸಲು ಬರುವ ಎರಡು ಬಿರಡೆಗಳು, ಇವೆಲ್ಲ ಪಟ್ಟಿಗೆ ಬಂದವು. ಹಳೆಯ ಮನೆಯ ವಿದ್ಯುತ್ತಿಗೆ ಸರಿಯಾದ ಅರ್ಥಿಂಗ್ ಇಲ್ಲವೆಂಬುದು ಆಗ ತಾನೇ ಬೆಳಕಿಗೆ ಬಂತು. ಅದು ಯಂತ್ರ ಬರಲಿ ಬಿಡಲಿ ಆಗಲೇಬೇಕಾದ ಕೆಲಸ.

ತಾಯಿ ಒಂದೂವರೆ ಲಕ್ಷಕ್ಕೆ ಒಪ್ಪಿದಳು. ಒಪ್ಪುವ ಮೊದಲು ಅವಳು ಕೇಳಿದ್ದು ಒಂದೇ ಪ್ರಶ್ನೆ: ಕೊಳವೆ ಸೋರಿದರೆ? ಕಟ್ಟಿದ ಮೇಲೆ ಕಂಪ್ಯೂಟರಿಗೆ ವಿದ್ಯುತ್ತು ಕೊಡದೆ, ಪಂಪೊಂದನ್ನೇ ಓಡಿಸಿ, ಪ್ರತಿಯೊಂದು ಕೀಲಿನ ಕೆಳಗೂ ಒಣ ಕಾಗದವನ್ನು ಹಾಸಿ 24 ಗಂಟೆ ಕಾಯಬೇಕೆಂದು ಮಗ ಹೇಳಿದ. ಕಾಗದ ಒಂದು ಚುಕ್ಕೆಯಷ್ಟು ನೆಂದರೂ ಬಿಚ್ಚಿ ಮತ್ತೆ ಮೊದಲಿನಿಂದ. ಆ ರಾತ್ರಿ ತಾನೇ ಎಚ್ಚರವಿದ್ದು ನೋಡುವುದಾಗಿ ತಂದೆ ಹೇಳಿದ. ರಾತ್ರಿಯ ನೀರು ಕಾಯುವುದು ಅವನಿಗೇನೂ ಹೊಸದಲ್ಲ. ತಾಯಿಯ ಷರತ್ತುಗಳು ಎರಡು. ಹಣ ವರ್ಷದೊಳಗೆ ಅಂಚೆ ಕಚೇರಿಗೆ ಹಿಂದಿರುಗಬೇಕು. ಮುಂಗಾರು ಬರುವುದಕ್ಕೆ ಮುಂಚೆ, ತಾರಸಿಯಲ್ಲದಿದ್ದರೂ, ಆ ಕೋಣೆಯ ಮೇಲಿನ ಹೆಂಚಾದರೂ ಬದಲಾಗಬೇಕು. ಉಳಿದ 20,000ಕ್ಕೆ ಹಳೆಯ ಯಂತ್ರವನ್ನು ಮಾರುವುದೆಂದಾಯಿತು.

ಮರುದಿನ ಹೊಸ ಹಾಳೆಯಲ್ಲಿ ಪಟ್ಟಿಯನ್ನು ಶುದ್ಧವಾಗಿ ಬರೆದವನು ತಂದೆಯೇ. ಕಾರ್ಡು, ಪ್ರೊಸೆಸರು, 1,200 ವಾಟಿನ ಪವರ್ ಸಪ್ಲೈ ಇವೆಲ್ಲ ಸ್ವಲ್ಪ ಕೆಳಗಿವೆ. ಮೊದಲನೆಯ ಸಾಲು, ಹೆಂಚು ಇನ್ನೂರು. ಎರಡನೆಯದು, ಹಿಂದಿನ ಗೋಡೆಗೆ ತೂತು ಎರಡು. ಪಕ್ಕದಲ್ಲಿ ಗಾರೆಯವನ ಕೂಲಿ.